ಬಾವುಟ ಕೀಳುವ ಕೆಲಸ

ನಮ್ಮ ಭಾವ ಕ್ಷೌರಿಕರು. ದಿನವಿಡೀ ನಿಂತೇ ಕೆಲಸ. ಆದರೂ ಗುಡ್ಡಗಾಡು ಓಟ ಅಂದರೆ ಎಲ್ಲರಿಗಿಂತ ಮೊದಲು ಬಂದು ನಿಲ್ಲುತ್ತಿದ್ದರು, ಎಲ್ಲರಿಗಿಂತ ಕೊನೆಗೆ ಗುರಿ ಮುಟ್ಟುತ್ತಿದ್ದರು. ಓಟದವರೆಲ್ಲ ಸೇರಿ ಅವರಿಗೆ ‘ಬಾಲ’ ಅಂತ ಹೆಸರಿಟ್ಟಿದ್ದರು.

ಹುಡುಗರದು, ನಡುವಯಸ್ಸಿನವರದು ಆದ ಮೇಲೆ ಅರವತ್ತು ದಾಟಿದ ನಮ್ಮ ಸರದಿ. ದಾರಿ ತೋರಿಸಲು ಗುಡ್ಡದುದ್ದಕ್ಕೂ ನೆಟ್ಟ ಕೆಂಪು ಬಾವುಟಗಳನ್ನು ಆಮೇಲೆ ಯಾರಾದರೂ ಕಿತ್ತು ತರಬೇಕಲ್ಲ? ಓಟ ನಡೆಸುವ ಮೇಷ್ಟ್ರು ಉಪಾಯ ಹುಡುಕಿ ಭಾವನಿಗೆ ಹೇಳಿದರು. “ಹೇಗೂ ಕೊನೆಗೆ ಬರೋರು ನೀವೇ. ಬರ್ತಾ ಕಿತ್ಕೊಂಡು ಬಂದ್ಬಿಡಿ.”

ನನಗೆ ಮೈಯೆಲ್ಲ ಉರಿಯಿತು. ಭಾವ ಮಾತ್ರ, “ಬರಿಗೈಲಿ ಬರೋದಕ್ಕಿಂತ ವಾಸಿ ಬಿಡೋ,” ಅಂತ ನಕ್ಕರು. ಆಮೇಲೆ ವರ್ಷಗಟ್ಟಲೆ ಕಂಕುಳಲ್ಲಿ ಬಾವುಟದ ಕಟ್ಟು ಇಟ್ಟುಕೊಂಡೇ ಓಡಿದರು.

ಈ ಸಲ ಮೇಷ್ಟ್ರು ಮೊದಲೇ ಹೇಳಿದ್ದರು: ಮೂವರ ಒಂದು ತಂಡವಾದರೂ ಪೂರ್ತಿ ಗುರಿ ಮುಟ್ಟದಿದ್ದರೆ ಮುಂದಿನ ವರ್ಷದಿಂದ ಮುದುಕರ ಓಟ ಇಲ್ಲ. ಉಳಿದವರೆಲ್ಲ ಮೊಣಕಾಲು ಹಿಡಿದುಕೊಂಡು ಮನೆಯಲ್ಲಿ ಕೂತಿದ್ದರು. ಇದ್ದದ್ದು ನಾನು, ಭಾವ, ನಮ್ಮ ಬಡಗಿ ಅಷ್ಟೇ. ಅಕ್ಕ ಹೋದ ಮೇಲೆ ಭಾವನಿಗೆ ಆ ಓಟ ಬಿಟ್ಟರೆ ಬೇರೆ ಲೋಕವೇ ಇರಲಿಲ್ಲ. ಅಂಗಡಿ, ಅಂಗಡಿಯ ಹಿಂದಿನ ಕೋಣೆ, ಮತ್ತೆ ಅಂಗಡಿ.

ನಾನು ಮೊದಲು ಗುರಿ ಮುಟ್ಟಿದೆ. ಬಡಗಿ ಬರುತ್ತಾನೆಂದು ಕಾಯುತ್ತಿದ್ದರೆ ಭಾವ ಬಂದರು, ಕಟ್ಟು ಸಮೇತ.

“ಬಡಗಿ ಎಲ್ಲಿ ಭಾವ?”

“ಯಾಕೆ, ಅವನಿನ್ನೂ ಬರ್ಲಿಲ್ವಾ?”

ಹಾಗೆಂದವರೇ ಕಂಕುಳಲ್ಲಿದ್ದ ಬಾವುಟ ನೋಡಿಕೊಂಡರು. ಮುಖ ಬಿಳಿಚಿಕೊಂಡಿತು. ತಿರುಗಿ ಗುಡ್ಡ ಹತ್ತತೊಡಗಿದರು, ಕಿತ್ತ ಬಾವುಟಗಳನ್ನು ಒಂದೊಂದಾಗಿ ನೆಡುತ್ತಾ.

ಬಡಗಿ ಮೂತ್ರಕ್ಕೆಂದು ಪೊದೆಯ ಹಿಂದೆ ಹೋಗಿದ್ದನಂತೆ. ಈಚೆ ಬಂದರೆ ಒಂದು ಬಾವುಟವೂ ಇಲ್ಲ. ದಾರಿ ಕವಲೊಡೆಯುವಲ್ಲಿ ತಪ್ಪಿ ಡಾಂಬರು ರಸ್ತೆಗಿಳಿದು, ಯಾರದೋ ಲಾರಿ ಹತ್ತಿ, ಜೋಲುಮುಖ ಹಾಕಿಕೊಂಡು ಬಂದ. ಲಾರಿಯಲ್ಲಿ ಬಂದವನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಮೇಷ್ಟ್ರು ತಲೆಯಾಡಿಸಿದರು. ನಾನು ಜಗಳವಾಡಿದೆ, ಕೈಮುಗಿದೂ ನೋಡಿದೆ. ಮುದುಕರ ಓಟಕ್ಕೆ ಅಲ್ಲಿಗೆ ಎಳ್ಳುನೀರು.

ಭಾವ ಇಳಿದು ಬರುವ ಹೊತ್ತಿಗೆ ಶಾಮಿಯಾನ ಬಿಚ್ಚುತ್ತಿದ್ದರು. ವಿಷಯ ಹೇಳಿದೆ. ಏನಾದರೂ ಸಮಾಧಾನ ಹೇಳಬೇಕಲ್ಲ, “ಹೋಗ್ಲಿ ಭಾವ, ಇವತ್ತು ಕೊನೆಯವರು ನೀವಲ್ಲ,” ಅಂದೆ.

“ಅದೇ ಕಣೋ,” ಅಂದರು. “ನನ್ನ ಹಿಂದೇನೂ ಒಬ್ಬ ಇರ್ಬಹುದು ಅಂತ ನಂಗೆ ಹೊಳೀಲೇ ಇಲ್ಲ.”

ಅವರ ಖಾಲಿ ಕೈ ಮೇಷ್ಟ್ರ ಕಣ್ಣಿಗೆ ಬಿತ್ತು. “ಬಾವುಟ ಎಲ್ರೀ? ನಾಳೆ ಬೇರೆ ಕಡೆ ಕಳಿಸ್ಬೇಕು.”

“ತರ್ತೀನಿ ಮೇಷ್ಟ್ರೇ,” ಅಂತ ಭಾವ ಮತ್ತೆ ಗುಡ್ಡದ ಕಡೆ ನಡೆದರು.