ಕೊಟ್ಟೆನೆಂದು ಬರೆದ ಇಂಜೆಕ್ಷನ್

ಹೈದರಾಬಾದಿನ ಒಂದು ಸರ್ಕಾರಿ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನಾನು ಹನ್ನೊಂದು ವರ್ಷ ನರ್ಸಾಗಿದ್ದೆ. ಆ ಕೆಲಸದ ಬಗ್ಗೆ ಕೇಳಿದವರಿಗೆಲ್ಲ ಒಳ್ಳೆಯದನ್ನೇ ಹೇಳಿಕೊಂಡು ಬಂದಿದ್ದೇನೆ. ಇದೊಂದನ್ನು ಮಾತ್ರ ಗಂಡನಿಗೂ ಹೇಳಿಲ್ಲ.

ಒಂದು ಬೆಳಿಗ್ಗೆ ಪೊಲೀಸರು ಒಬ್ಬ ಆರೋಪಿಯನ್ನು ತಂದು ಮೂಲೆಯ ಮಂಚಕ್ಕೆ ಹಾಕಿದರು. ಮೂವತ್ತರ ಆಸುಪಾಸಿನವನು. ಪಕ್ಕದ ಮನೆಯ ಆರು ವರ್ಷದ ಹುಡುಗಿಯನ್ನು ಕೊಂದು ನೀರಿನ ಸಂಪಿನಲ್ಲಿ ಹಾಕಿದ್ದ. ತಾನೇ ಸಂಪು ತೋರಿಸಿದ್ದ, ಅನುಮಾನಕ್ಕೆ ಜಾಗವಿರಲಿಲ್ಲ. ಆ ಕೇರಿಯ ಜನ ಹೊಡೆದು ಅವನ ತೊಡೆಯ ಮೂಳೆ ಮುರಿದಿದ್ದರು. ಎಡಗೈಗೆ ಬೇಡಿ ಹಾಕಿ ಮಂಚಕ್ಕೆ ಬಿಗಿದಿದ್ದರು.

ನೋವಿಗೆ ದಿನಕ್ಕೆ ಮೂರು ಸಲ ಇಂಜೆಕ್ಷನ್ ಎಂದು ಡಾಕ್ಟರು ಚಾರ್ಟಿನಲ್ಲಿ ಬರೆದರು. ಸಿರಿಂಜಿಗೆ ಔಷಧಿ ತುಂಬಿಕೊಂಡು ಅವನ ಹತ್ತಿರ ಹೋದೆ. ಆಗ ನನ್ನ ಮಗಳಿಗೂ ಆರು ವರ್ಷ. ಅವಳ ಜಡೆ ಹೆಣೆದು ಶಾಲೆಗೆ ಕಳಿಸಿ ಬಂದು ಎರಡು ತಾಸೂ ಆಗಿರಲಿಲ್ಲ. ಹಾಗೇ ತಿರುಗಿ ಬಂದು ಔಷಧಿಯನ್ನು ಸಿಂಕಿಗೆ ಬಿಟ್ಟೆ. ಚಾರ್ಟಿನಲ್ಲಿ ಕೊಟ್ಟೆನೆಂದು ಬರೆದು ಸಹಿ ಮಾಡಿದೆ.

ಕಾವಲಿಗಿದ್ದ ಪೊಲೀಸಿನವನು ನೋಡಿದ. 'ಮಂಚಿ ಪನಿ ಚೇಶಾರಮ್ಮಾ' ಎಂದು ತೆಲುಗಿನಲ್ಲಿ, ಒಳ್ಳೆಯ ಕೆಲಸ ಮಾಡಿದಿರೆಂದು ಮೆಚ್ಚಿಕೊಂಡು, ಕೆಳಗೆ ಹೋಗಿ ನನಗೊಂದು ಚಹಾ ತಂದುಕೊಟ್ಟ. ಕುಡಿದೆ. ಮೂಲೆಯಲ್ಲಿ ಅವನು 'ಅಮ್ಮಾ, ನೊಪ್ಪಿ' ಎಂದು ಕೂಗುತ್ತಲೇ ಇದ್ದ. ನೊಪ್ಪಿ ಅಂದರೆ ನೋವು. ಮಧ್ಯಾಹ್ನದ ಇಂಜೆಕ್ಷನ್ನೂ ಸಿಂಕಿಗೇ ಹೋಯಿತು.

ರಾತ್ರಿ ಪಾಳಿಯವರು ತಪ್ಪದೆ ಕೊಟ್ಟರು. ಹಾಗಾಗಿ ತನಗೆ ಕೊಡದವಳು ಯಾರೆಂಬುದು ಅವನಿಗೆ ಗೊತ್ತಾಯಿತು. ಮರುದಿನ ನಾನು ವಾರ್ಡಿನೊಳಗೆ ಕಾಲಿಡುತ್ತಲೇ ಅವನು ಕಣ್ಣು ಮುಚ್ಚಿಕೊಂಡ. ಅದನ್ನು ಕಂಡು ನನಗೆ ಒಳಗೊಳಗೇ ಸಮಾಧಾನವಾಯಿತು. ಬರೆಯಲು ಹೇಸಿಗೆಯಾದರೂ ಆದದ್ದು ಅದೇ.

ನಮ್ಮ ವಾರ್ಡಿನ ಆಯಾ ಬೀದರ ಕಡೆಯವಳು. ನನಗಿಂತ ಬಹಳ ದೊಡ್ಡವಳಾದರೂ ನನ್ನನ್ನು ಅಕ್ಕಾರ ಎಂದೇ ಕರೆಯುತ್ತಿದ್ದಳು. ಆ ಮಧ್ಯಾಹ್ನ ಸಿಂಕಿನ ಹತ್ತಿರ ಬಂದು ನಿಂತಳು.

"ಅವಗ ಸೂಜಿ ಮಾಡ್ಲಿಲ್ರಿ ನೀವು."

"ಮಾಡೀನಿ."

"ಇಲ್ರಿ. ನಿನ್ನೆನೂ ಮಾಡಿಲ್ಲ. ನಾ ನೋಡೀನಿ."

"ಅವ ಏನ್ ಮಾಡ್ಯಾನ ಗೊತ್ತೈತಿಲ್ಲ ನಿನಗ?"

"ಗೊತ್ತೈತ್ರಿ. ಅವನ ಮಾರಿ ನೋಡಿದ್ರ ನನಗೂ ಉಗುಳಬೇಕನಸ್ತೈತಿ. ಆದ್ರೂ ಅವನ ಹೊಲಸು ತೆಗಿಯಾಕತ್ತೀನಲ್ರಿ. ಇವತ್ತ ಇವಗ ಬ್ಯಾಡಂದ್ರಿ, ನಾಳೆ ಮತ್ಯಾರಿಗೆ ಬ್ಯಾಡಂತೀರಿ?"

"ನಿನ್ನ ಕೆಲಸ ನೀ ನೋಡ್ಕೋ" ಎಂದು ಎಲ್ಲರೆದುರು ಗದರಿದೆ. ಅವಳು ಬಕೆಟ್ ಎತ್ತಿಕೊಂಡು ಹೋದಳು.

ಮೂರನೆಯ ದಿನ ಡಾಕ್ಟರು ಬಹಳ ಹೊತ್ತು ಚಾರ್ಟು ನೋಡಿದರು. ಇಷ್ಟು ಔಷಧಿ ಕೊಟ್ಟರೂ ಹಗಲಲ್ಲಿ ನೋವು ಇಳಿಯುತ್ತಿಲ್ಲವೆಂದರೆ ಒಳಗೆ ಬೇರೇನೋ ಆಗಿರಬೇಕೆಂದು ಅವರಿಗೆ ಅನುಮಾನ ಬಂತು. ಸ್ಕ್ಯಾನಿಗೆ ಬರೆದರು. ಆ ಕಾಲಿನೊಂದಿಗೆ ಅವನನ್ನು ಸ್ಟ್ರೆಚರಿಗೆ ಎತ್ತಿ ಹಾಕಿದಾಗ ಅವನು ಕೂಗಿದ ಕೂಗಿಗೆ ಪಕ್ಕದ ವಾರ್ಡಿನವರೂ ಬಾಗಿಲಿಗೆ ಬಂದರು. ಅವನನ್ನು ಹಾಗೆ ಎತ್ತಿಸಿದ್ದು ನನ್ನ ಸುಳ್ಳು ಸಹಿ.

ಡಾಕ್ಟರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಮೆಮೋ ಕೊಡುತ್ತಾರೆ, ಬಹುಶಃ ಕೆಲಸವೇ ಹೋಗುತ್ತದೆ ಅಂದುಕೊಂಡಿದ್ದೆ. ಅವರು ಚಾರ್ಟು ಮುಚ್ಚಿಟ್ಟು, "ಇನ್ನು ಮೇಲೆ ಕೊಡಿ ಸಿಸ್ಟರ್. ಇದನ್ನು ಯಾರಿಗೂ ಹೇಳಬೇಡಿ. ನನಗೂ ಹೆಣ್ಣುಮಕ್ಕಳಿದ್ದಾರೆ" ಅಂದರು. ಅಷ್ಟೇ. ಬೇರೆ ಯಾವ ರೋಗಿಗೆ ಹೀಗೆ ಮಾಡಿದ್ದರೂ ಅವರು ನನ್ನನ್ನು ಬಿಡುತ್ತಿರಲಿಲ್ಲ. ಬೈಸಿಕೊಂಡಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ನಾಚಿಕೆ ಆ ಕ್ಷಮೆಯಿಂದ ಆಯಿತು.

ಆಯಾ ಮಾತ್ರ ಬಿಡಲಿಲ್ಲ. ಡಾಕ್ಟರಿಗೆ ಹೇಳಿದೆ ಅಂದಾಗ, "ಅವಗ ಹೇಳಿದ್ರೇನ್ರಿ?" ಎಂದು ಕೇಳಿದಳು. ಸ್ಕ್ಯಾನಿನಿಂದ ಬಂದವನಿಗೆ ಇಂಜೆಕ್ಷನ್ ಕೊಟ್ಟು, ಎರಡು ದಿನ ಬೇಕೆಂದೇ ಕೊಡಲಿಲ್ಲವೆಂದು ತೆಲುಗಿನಲ್ಲಿ ಹೇಳಿದೆ.

"ತೆಲುಸು" ಅಂದ. ಗೊತ್ತು ಅಂತ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದ.

ಅವನು ಒಳ್ಳೆಯವನಾದ ಎಂದು ನಾನು ಹೇಳುತ್ತಿಲ್ಲ. ತನ್ನ ಮೈ ಒರೆಸುವ ಆಯಾಳನ್ನೇ ಕೆಟ್ಟ ಮಾತಿನಲ್ಲಿ ಬೈಯುತ್ತಿದ್ದ. ಆ ಮಗುವಿನ ಹೆಸರನ್ನು ಅವನ ಬಾಯಲ್ಲಿ ಒಮ್ಮೆಯೂ ಕೇಳಲಿಲ್ಲ. ಮುಂದೆ ಅವನಿಗೆ ಜೀವಾವಧಿ ಶಿಕ್ಷೆಯಾಯಿತೆಂದು ಟೀವಿಯಲ್ಲಿ ಬಂದಾಗ ಸರಿಯಾಯಿತು ಅಂದುಕೊಂಡೆ. ಈಗಲೂ ಹಾಗೇ ಅನ್ನುತ್ತೇನೆ. ಆದರೆ ಆ ಶಿಕ್ಷೆ ಕೊಡುವ ಮುಂಚೆ ಕೋರ್ಟು ಅವನಿಗೊಬ್ಬ ವಕೀಲನನ್ನು ಕೊಟ್ಟಿತ್ತು, ಅವನ ಮಾತನ್ನೂ ಕೇಳಿತ್ತು. ನಾನು ಯಾರನ್ನೂ ಕೇಳಿರಲಿಲ್ಲ. ಬೇಡಿ ಹಾಕಿ ಮಲಗಿಸಿದ್ದ ಮನುಷ್ಯನೊಬ್ಬ ನನ್ನ ಕೈಗೆ ಸಿಕ್ಕಿದ್ದ, ಅಷ್ಟೇ.