ಕಡ್ಡಿ ಅಳತೆಯ ಕೋಳಿ

ನನ್ನ ಗಂಡನಿಗಾಗಿ ನಾನು ಕೋಳಿ ಮಾಂಸವನ್ನು ಐಸ್‌ಕ್ರೀಂ ಕಡ್ಡಿಯಲ್ಲಿ ಅಳೆದು ಕೊಯ್ಯುತ್ತಿದ್ದೆ. ಹೇಳಿದರೆ ಜನ ನಗುತ್ತಾರೆ. ನಗಲಿ.

ಅವರು ಸಂಡೂರಿನ ಗಣಿಯಿಂದ ಹೊಸಪೇಟೆಗೆ ಅದಿರು ಸಾಗಿಸುವ ಟಿಪ್ಪರ್ ಓಡಿಸುತ್ತಿದ್ದರು. ಸ್ಟೇರಿಂಗ್ ಹಿಡಿದ ಹದಿನೆಂಟು ವರ್ಷವೂ ದವಡೆಯಲ್ಲಿ ಗುಟ್ಕಾ. ಅದಿಲ್ಲದಿದ್ದರೆ ಕೆಂಪು ಧೂಳೆಲ್ಲ ಗಂಟಲಿಗೆ ಇಳಿಯುತ್ತದೆ ಎಂದು ವಾದ. ನಾನು ಬೈದೆ, ಅತ್ತು ಕರೆದೆ, ಮಾತು ಬಿಟ್ಟೆ, ಏನೂ ನಡೆಯಲಿಲ್ಲ. ಕೊನೆಗೆ ಕೆನ್ನೆಯ ಒಳಚರ್ಮ ಬಿರುಸಾಗಿ ಬಾಯಿ ಪೂರ್ತಿ ತೆರೆಯದಂತಾಯಿತು.

ಹೊಸಪೇಟೆಯ ಹಲ್ಲಿನ ಡಾಕ್ಟರು ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಅವರ ಹಲ್ಲುಗಳ ನಡುವೆ ತೂರಿಸಿದರು. ಎಂಟು ಹಿಡಿದವು.

"ದಿನಾ ಹಿಂಗ ಇಟ್ಕೊಳ್ರಿ, ಒಂದೊಂದ ಕಡ್ಡಿ ಜಾಸ್ತಿ ಮಾಡ್ರಿ. ಗುಟ್ಕಾ ಮುಟ್ಟಬ್ಯಾಡ್ರಿ. ಕಡ್ಡಿ ಕಡಿಮಿ ಆದ್ರ ಅವತ್ತೇ ಬರ್ರಿ, ತಡ ಮಾಡಿದ್ರ ಕ್ಯಾನ್ಸರ್ ಆಗೋ ಭಯ ಐತಿ," ಎಂದರು. ಗಂಡ ಅಲ್ಲೇ ನನ್ನ ತಲೆ ಮುಟ್ಟಿ ಆಣೆ ಮಾಡಿದರು.

ಖಾರ ಸೋಕಿದರೆ ಬಾಯಿ ಉರಿ. ಮಂಡಕ್ಕಿ, ಮಿರ್ಚಿ ಇಲ್ಲದೆ ಸಂಜೆ ಕಳೆಯದಿದ್ದ ಮನುಷ್ಯ ಹತ್ತು ದಿನ ಗಂಜಿ ಕುಡಿದು ಸಿಟ್ಟಿಗೆದ್ದರು. "ಲೇ, ನಾ ಏನು ಕೂಸೇನು? ಕುರುಂ ಅನ್ನೋದು ಏನಾರ ಮಾಡು."

ನನ್ನ ತಂಗಿ ಕೊಟ್ಟಿದ್ದ ಏರ್ ಫ್ರೈಯರ್ ಅಟ್ಟದ ಮೇಲೆ ಡಬ್ಬದಲ್ಲೇ ಇತ್ತು, ಇಳಿಸಿದೆ. ಕೋಳಿಯ ಎದೆಮಾಂಸವನ್ನು ಉದ್ದುದ್ದ ಕೊಯ್ದು, ಖಾರವಿಲ್ಲದೆ ಮೊಸರು, ಉಪ್ಪು, ಬೆಳ್ಳುಳ್ಳಿ ಹಚ್ಚಿದೆ. ಬ್ರೆಡ್ ಪುಡಿ ಮನೆಯಲ್ಲಿರಲಿಲ್ಲ. ಬಳ್ಳಾರಿ ಕಡೆಯ ಹೆಂಗಸಿಗೆ ಹೊಳೆಯುವುದು ಮಂಡಕ್ಕಿ ತಾನೇ! ತರಿತರಿಯಾಗಿ ಪುಡಿ ಮಾಡಿ ಹೊರಳಿಸಿ ಇಟ್ಟೆ. ಒಳಗಿನ ಫ್ಯಾನಿನ ಗಾಳಿಗೆ ಪುಡಿಯೆಲ್ಲ ಹಾರಿ ಮೂಲೆ ಸೇರಿತು, ಕೋಳಿ ಬೆತ್ತಲೆ ಉಳಿಯಿತು. ಮರುವಾರ ಮೊಟ್ಟೆಯಲ್ಲಿ ಅದ್ದಿ, ಪುಡಿಯನ್ನು ಅಂಗೈಯಲ್ಲಿ ಒತ್ತಿ, ನಾಲ್ಕು ಹನಿ ಎಣ್ಣೆ ಚಿಮುಕಿಸಿ ಹನ್ನೆರಡು ನಿಮಿಷ ಬೇಯಿಸಿದೆ. ತುಂಡಿನ ದಪ್ಪ ಆರು ಕಡ್ಡಿ. ಬಾಯಿಗಿಂತ ಎರಡು ಕಡಿಮೆ, ಹಲ್ಲಿಗೆ ತಾಗಬಾರದೆಂದು. ಅವರು ಕಚ್ಚಿದಾಗ ಕುರುಂ ಎಂದಿತು.

"ಮಸ್ತ್ ಆಗೇತಲೇ!"

ಅಷ್ಟು ವರ್ಷಗಳ ಸಿಟ್ಟು ನನಗೆ ಆ ಒಂದು ಸದ್ದಿಗೆ ಇಳಿಯಿತು. ಆಮೇಲೆ ಪ್ರತಿ ಭಾನುವಾರ ಅದೇ. ಬಾಯಿ ಹತ್ತು ಕಡ್ಡಿಗೆ ಬಂತು, ನಾನು ಎಂಟರ ದಪ್ಪಕ್ಕೆ ಕೊಯ್ದೆ.

ಒಂದು ಭಾನುವಾರ ತುಂಡು ಹಲ್ಲಿಗೆ ಅಡ್ಡ ನಿಂತಿತು.

"ದಪ್ಪ ಕೊಯ್ದೀ ನೋಡು."

ನಾನು ದಪ್ಪ ಕೊಯ್ದಿರಲಿಲ್ಲ. ಕಡ್ಡಿಯ ಕಟ್ಟು ಈಳಿಗೆಯ ಪಕ್ಕದಲ್ಲೇ ಇತ್ತು. ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ಹರಿದ ಗುಟ್ಕಾ ಚೀಟು ಸಿಕ್ಕಿತು. ಕೈಯಲ್ಲಿ ಹಿಡಿದು ನಿಂತೆ. ಕೇಳಿದರೆ ಜಗಳ, ಜಗಳವಾದರೆ ತಟ್ಟೆ ತಳ್ಳಿ ಏಳುತ್ತಾರೆ. ಎಷ್ಟೋ ವರ್ಷಗಳ ಮೇಲೆ ನಾವು ಎದುರುಬದುರು ಕೂತು ಉಣ್ಣುತ್ತಿದ್ದೆವು, ಅದು ಕೆಡುವುದು ನನಗೆ ಬೇಡವಾಗಿತ್ತು. ಚೀಟನ್ನು ಕಸಕ್ಕೆ ಎಸೆದೆ. ಮುಂದಿನ ಭಾನುವಾರ ಒಂದು ಕಡ್ಡಿ ತೆಳ್ಳಗೆ ಕೊಯ್ದೆ.

ಆಮೇಲೆ ತಿಂಗಳಿಗೊಂದರಂತೆ ಇನ್ನೊಂದು, ಮತ್ತೊಂದು. ಮಾಂಸವನ್ನು ಒರಳುಗಲ್ಲಿನ ಮೇಲೆ ಜಜ್ಜಿ ಚಪ್ಪಟೆ ಮಾಡಿದೆ. ತೆಳುವಾದ ತುಂಡು ಬೇಗ ಕರಕಲಾಗುತ್ತಿತ್ತು, ಏಳು ನಿಮಿಷಕ್ಕೇ ತೆಗೆಯತೊಡಗಿದೆ. ಡಾಕ್ಟರ ಹತ್ತಿರ ಹೋಗೋಣವೆಂದರೆ "ಮುಂದಿನ ವಾರ" ಎನ್ನುತ್ತಿದ್ದರು, ನಾನೂ ಹೂಂ ಅನ್ನುತ್ತಿದ್ದೆ. ಅಷ್ಟು ವರ್ಷ ಬೈದವಳು, ಬೈಯಲೇಬೇಕಾದ ಹೊತ್ತಿಗೆ ಸುಮ್ಮನಾದೆ. ಅದನ್ನು ಪ್ರೀತಿ ಎಂದುಕೊಂಡಿದ್ದೆ.

ಒಂದು ದಿನ ಅರ್ಧ ಕಚ್ಚಿ ಕೆಳಗಿಟ್ಟ ತುಂಡಿನ ಮೇಲೆ ರಕ್ತ ಕಂಡಿತು. ಮರುದಿನವೇ ಎಳೆದುಕೊಂಡು ಹೋದೆ. ನಾಲ್ಕು ಕಡ್ಡಿಗೆ ಬಾಯಿ ನಿಂತಿತು. ಡಾಕ್ಟರು ಬ್ಯಾಟರಿ ಬಿಟ್ಟು ಕೆನ್ನೆಯ ಒಳಗೆ ಬಹಳ ಹೊತ್ತು ನೋಡಿದರು.

"ಯಾವಾಗಿಂದ ಹಿಂಗ ಆಗೇತ್ರಿ?"

"ಹೋದ ವಾರದಿಂದ," ಎಂದರು ಗಂಡ.

ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ಹೇಳ್ರಿ ಅಮ್ಮಾ."

ನನ್ನಷ್ಟು ಸರಿಯಾಗಿ ಯಾರು ಹೇಳಬಲ್ಲರು? "ಐದು ತಿಂಗಳಾತ್ರಿ. ನಾನ ತಿಂಗಳ ತಿಂಗಳ ಕೋಳಿ ತೆಳ್ಳಗ ಕೊಯ್ಕೋತ ಬಂದೀನಿ."

"ಆವಾಗೇ ಬಂದಿದ್ರ ಇಷ್ಟು ದೂರ ಬರ್ತಿರಲಿಲ್ರಿ," ಎಂದು ಅವರು ದೊಡ್ಡಾಸ್ಪತ್ರೆಗೆ ಚೀಟಿ ಬರೆಯತೊಡಗಿದರು. ದವಡೆ ತೆಗೆಯಬೇಕಾಗಬಹುದು ಎಂದೂ ಹೇಳಿದರು.

ಗಂಡ ಚೀಟಿಯನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. ನನಗೆ ಎಲ್ಲ ಗೊತ್ತಿತ್ತು ಎಂಬುದು ಅವರಿಗೆ ತಿಳಿದದ್ದು ಆಗಲೇ. ಬಿಗಿದ ಹಲ್ಲುಗಳ ಸಂದಿಯಿಂದ ತೊದಲಿದರು:

"ಗೊತ್ತಿದ್ರೂ ಯಾಕ ಬೈಲಿಲ್ಲಲೇ?"

ಡಾಕ್ಟರಿಗೆ ಅರ್ಥವಾಗಲಿಲ್ಲ. "ಏನಂತಾರ್ರೀ?" ಎಂದು ನನ್ನನ್ನು ಕೇಳಿದರು.