ಹೆಸರಿಟ್ಟು ಹೇಳಿದ ಕಾಯಿಲೆ

ಓದುಗ ಮಿತ್ರರೇ, ನನ್ನ ಕಾಯಿಲೆಯನ್ನು ಮೊದಲು ಪತ್ತೆ ಹಚ್ಚಿದ್ದು ಯಾವ ಸ್ಕ್ಯಾನಿಂಗ್ ಯಂತ್ರವೂ ಅಲ್ಲ, ಒಂದು ಲಂಗದ ಲಾಡಿ. ವರ್ಷಗಳಿಂದ ಒಂದೇ ಜಾಗದಲ್ಲಿ ಗಂಟು ಬೀಳುತ್ತಿದ್ದ ಅದು ದಿನೇದಿನೇ ಗಿಡ್ಡವಾಗುತ್ತ ಬಂತು. ಊಟ ಕಡಿಮೆ ಮಾಡಿದರೂ ಹೊಟ್ಟೆ ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ಅದೇ ಹೊತ್ತಿಗೆ, ನಿಂತುಹೋಗಿ ಎಷ್ಟೋ ಕಾಲವಾಗಿದ್ದ ಮುಟ್ಟು ಮತ್ತೆ ಕಾಣಿಸಿಕೊಂಡಿತು. ಕೆಂಚಾರ್ಲಹಳ್ಳಿಯಿಂದ ಬಂದಿದ್ದ ನನ್ನ ಅಕ್ಕ ಸುನಂದ, "ಪ್ರಾಯ ವಾಪಸ್ ಬಂದೈತೆ ಕಣೇ ನಿಂಗೆ," ಎಂದು ನಕ್ಕಳು. ನಾನೂ ನಕ್ಕೆ.

ಆ ನಗು ಬೆಂಗಳೂರಿನ ಆಸ್ಪತ್ರೆಯಲ್ಲಿ ನಿಂತಿತು. ಅಂಡಾಶಯದ ಕ್ಯಾನ್ಸರು, ಅದರಲ್ಲೂ ಅಪರೂಪದ ಬಗೆ. ತಾನೇ ಹಾರ್ಮೋನು ಸುರಿಸಿ, ಮಾಗಿದ ಮೈಗೆ ಯೌವನದ ಭ್ರಮೆ ಹುಟ್ಟಿಸುವ ಮಾಯಾವಿ. ಗಡ್ಡೆಯನ್ನೂ ಗರ್ಭಕೋಶವನ್ನೂ ತೆಗೆದ ಮೇಲೆ, "ಇನ್ನೆಷ್ಟು ದಿನ ಇರ್ತೀನಿ ಡಾಕ್ಟ್ರೇ?" ಎಂದು ಕೇಳಿದೆ. ಆಕೆ ನೇರವಾಗಿಯೇ ಹೇಳಿದರು: "ಮೊದಲ ಹಂತದಲ್ಲೇ ಸಿಕ್ಕಿದೆ, ತುಂಬಾ ಜನ ಬಹಳ ವರ್ಷ ಚೆನ್ನಾಗಿರ್ತಾರೆ. ಆದ್ರೆ ಇದು ನಿಧಾನದ್ದಮ್ಮ, ಎಷ್ಟೋ ವರ್ಷ ಬಿಟ್ಟು ತಿರುಗಿ ಬರಬಹುದು. ತಪಾಸಣೆ ಮಾತ್ರ ಬಿಡಬೇಡಿ." ಬದುಕಿನ ಬಗ್ಗೆ ಇದಕ್ಕಿಂತ ಹೆಚ್ಚಿನ ಭರವಸೆ ಯಾರಿಗೆ ಸಿಕ್ಕಿದೆ, ನೀವೇ ಹೇಳಿ!

ಗೌರಿಬಿದನೂರಿಗೆ ಮರಳಿ ಶಾಲೆಯಲ್ಲಿ ಮೊದಲಿನಂತೆ ಪಾಠ ಮಾಡತೊಡಗಿದೆ. ಕೆಲವು ವರ್ಷಗಳ ಮೇಲೆ ಮಗಳು ಮಾನಸಳನ್ನು ನೋಡಲು ಚಿಂತಾಮಣಿಯಿಂದ ಗಂಡಿನ ಕಡೆಯವರು ಬಂದರು. ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದೊಯ್ದು, "ಕಾಯಿಲೆ ಸುದ್ದಿ ಎತ್ತಬೇಡ ಕಣೇ. ಕೇಳಿದ್ರೆ ಹೊಟ್ಟೆ ಆಪರೇಷನ್ ಅನ್ನು, ಸಾಕು," ಎಂದಳು. ನನಗೆ ರೇಗಿತು. ಹೃದಯದ ಆಪರೇಷನ್ ಆದವರು ಗಾಯದ ಗುರುತನ್ನು ಜಂಬದಿಂದ ತೋರಿಸುತ್ತಾರೆ, ಮೂತ್ರಪಿಂಡದ ಕಲ್ಲನ್ನು ಡಬ್ಬಿಯಲ್ಲಿಟ್ಟು ಮೆರೆಯುತ್ತಾರೆ. ಮನುಕುಲವೆಲ್ಲ ಮೊಳೆತು ಬಂದ ಅಂಗಕ್ಕೆ ಮಾತ್ರ ಹೆಸರೇ ಇರಬಾರದೇ? ಹೊರಗೆ ಬಂದು, ಗಂಡಸರ ಎದುರಿಗೇ ಹೇಳಿದೆ: "ನಂಗೆ ಅಂಡಾಶಯದ ಕ್ಯಾನ್ಸರ್ ಆಗಿತ್ತು. ಮತ್ತೆ ಬಂದ್ರೂ ಬರಬಹುದು. ಗೊತ್ತಿದ್ದೇ ಒಪ್ಕೊಳ್ಳಿ."

ಹುಡುಗನ ತಂದೆ ಅರ್ಧ ಕುಡಿದ ಕಾಫಿ ಲೋಟವನ್ನು ಕೆಳಗಿಟ್ಟರು. ಮಾನಸ ತಲೆ ತಗ್ಗಿಸಲಿಲ್ಲ. ನಾನು ಒಳಗೆ ಹೋಗುತ್ತಲೇ ಹುಡುಗನ ತಾಯಿ ಪದ್ಮಮ್ಮ ಮಾತ್ರ ಎದ್ದು ನನ್ನ ಹಿಂದೆಯೇ ಅಡುಗೆಮನೆಗೆ ಬಂದು, ಬಾಗಿಲು ಮುಂದೆ ಮಾಡಿ, ಪಿಸುಗುಟ್ಟಿದರು: "ಮುಟ್ಟು ನಿಂತ್ಮೇಲೂ ನಂಗೆ ರಕ್ತ ಹೋಗ್ತಾ ಐತೆ ಮೇಡಂ. ಮನೇಲಿ ಯಾರಿಗೂ ಹೇಳಿಲ್ಲ."

ಮದುವೆಯ ಮಾತನ್ನು ಬದಿಗಿಟ್ಟು ಅದೇ ವಾರ ಇಬ್ಬರೂ ಆಸ್ಪತ್ರೆಗೆ ಹೋದೆವು. ಅವರದು ಕ್ಯಾನ್ಸರ್ ಆಗಿರಲಿಲ್ಲ. ಗರ್ಭಕೋಶದೊಳಗಿನ ಒಂದು ಸಣ್ಣ ಬೆಳವಣಿಗೆ, ತೆಗೆದುಹಾಕಿದರು. ಆಮೇಲೆ ಮದುವೆಯೂ ಆಯಿತು.

ನನ್ನದು ಹೋದ ವರ್ಷ ತಿರುಗಿ ಬಂತು. ಅದು ಬಂದರೆ ನಾನೇನು ಬಾಗಿಲು ತೆಗೆದು ಮಣೆ ಹಾಕಬೇಕೇ? ಮತ್ತೆ ಕೊಯ್ಯಿಸಿಕೊಂಡೆ, ಕಿಮೋ ತೆಗೆದುಕೊಂಡೆ. ಇನ್ನೊಮ್ಮೆ ಬಂದರೆ ಇನ್ನೊಮ್ಮೆ. ನೋಡಲು ಬಂದ ನೆಂಟರು ಮಂಚದ ಸುತ್ತ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಗ, ಪಕ್ಕದಲ್ಲಿ ಕೂತಿದ್ದ ನನ್ನ ಬೀಗಿತ್ತಿ ಪದ್ಮಮ್ಮ ಗದರಿಸಿಬಿಟ್ಟರು: "ಸತ್ತ ಮನೆಗೆ ಬಂದಂಗೆ ಅಳಬೇಡ್ರಮ್ಮ. ಅವರಿಗೆ ಹಸಿವಾಗೈತೆ, ತಿನ್ನಕ್ಕೇನಾದ್ರೂ ತಂದಿದ್ರೆ ಕೊಡಿ."

ನಿಜಕ್ಕೂ ನನಗೆ ಚೆನ್ನಾಗಿ ಹಸಿವಾಗಿತ್ತು.